ಹೂಂ ಅಂದದ್ದು ಯಾವುದಕ್ಕ

ಬೈಲಹೊಂಗಲ
16-9-2024

ಅಣ್ಣಾ, ನಿನ್ನ ತಂಗಿ ಯಶೋಧಾ ಬರಿಯಾಕತ್ತೇನಿ.

ಪೇಪರಿನ್ಯಾಗ ನಿನ್ನ ಫೋಟೋ ಬಂದೈತಿ! ನೀ ನೋಡಿಯೋ ಇಲ್ಲೋ. "ಹಿನ್ನೀರಿನಲ್ಲಿ ಮುಳುಗಿದ್ದ ವಿದ್ಯಾರ್ಥಿನಿಯ ಶವ ಹೊರತೆಗೆದ ಮೀನುಗಾರ ಭರಮಪ್ಪನಿಗೆ ಸನ್ಮಾನ" ಅಂತ ದಪ್ಪ ಅಕ್ಷರದಾಗ ಹಾಕ್ಯಾರ. ಕೊರಳಾಗ ಹಾರ, ಹೆಗಲಮ್ಯಾಲ ಶಾಲು. ಮಾರಿ ಮಾತ್ರ ಯಾಕೋ ಗಂಟು ಹಾಕ್ಕೊಂಡೀ. ನಾ ಅದನ್ನ ಕತ್ತರಿಸಿ ಹೊಲಿಗಿ ಮಷೀನಿನ ಮುಂದಿನ ಗ್ವಾಡಿಗೆ ಹಚ್ಚೇನಿ. ಬ್ಲೌಸ್ ಅಳತಿ ಕೊಡಾಕ ಬಂದವರಿಗೆಲ್ಲಾ ತೋರಿಸಿದ್ದ ತೋರಿಸಿದ್ದು: "ಎರಡು ದಿನ ಹುಡುಕಿದರೂ ಸಿಗದ್ದನ್ನ ನಮ್ಮಣ್ಣ ಒಂದ ಮುಳುಗಿಗೆ ತಂದಾನರಿ."

ಫೋನಿನ್ಯಾಗ ಹೇಳೋಣಂದ್ರ ನೀರಾಗ ಮುಳುಗಿ ಮುಳುಗಿ ನಿನ್ನ ಕಿವಿ ಕೇಳದಂಗ ಆಗ್ಯಾವ. ಹನ್ನೆರಡು ವರ್ಷಾತು ಈ ಇನ್‌ಲ್ಯಾಂಡ ಕಾಗದನ ನಮಗ ಫೋನ್. ಮಗಳು ಶಿವಾನಿಗೆ ಕೌನ್ಸೆಲಿಂಗಿನ್ಯಾಗ ನರ್ಸಿಂಗ್ ಸೀಟ್ ಸಿಕ್ಕೈತಿ. ಗಣಪತಿ ಹಬ್ಬಕ್ಕ ನೀ ಬರತೀ ಅಂತ ಆಕಿ ದಾರಿ ಕಾದಳು. ಯಾಕ ಬರಲಿಲ್ಲ?

ಯಶೋಧಾ

*

ಮುನವಳ್ಳಿ
27-9-2024

ತಂಗಿ ಯಶೋಧಾಗ ಆಶೀರ್ವಾದ.

ಶಿವಾನಿ ಸೀಟಿನ ಸುದ್ದಿ ಕೇಳಿ ಸಂತೋಷಾತು. ಫೋಟೋ ಗ್ವಾಡಿಯಿಂದ ತಗದಬಿಡು. ಸತ್ತ ಕೂಸಿನ ಸುದ್ದಿ ಅದು, ತೋರಿಸಿಕೊಂಡು ಕುಂದ್ರೂವಂಥಾದ್ದಲ್ಲ.

ಹಬ್ಬಕ್ಕ ಬರಾಕ ಆಗಲಿಲ್ಲ. ಸೊಲ್ಪ ಮೈಯಾಗ ಆರಾಮಿಲ್ಲ. ನೀರಿಗೆ ಇಳಿಯೂದು ಕಡಿಮಿ ಮಾಡೇನಿ. ಜೋಡಿ ದುಡಿಯೂ ರಾಯಪ್ಪ ಬಲಿ ಹಾಕತಾನ, ನಾ ದಂಡಿಮ್ಯಾಲ ಕುಂತಿರತೇನಿ. ಚಿಂತಿ ಮಾಡಬ್ಯಾಡ.

ಭರಮಪ್ಪ

*

ಬೈಲಹೊಂಗಲ
8-10-2024

ಅಣ್ಣಾ,

ನಾಕ ಸಾಲು ಬರದು ಕಳಿಸಿದರ ನಾ ಸುಮ್ಮನಾಗತೇನಿ ಅಂತ ತಿಳದಿಯೇನು? ರಾಯಪ್ಪನ ಹೇಂತಿ ಫೋನ್ ಮಾಡಿದ್ದಳು. ನೀ ನೀರಿಗೆ ಇಳದು ತಿಂಗಳಾತಂತ. ಉಣ್ಣೂದಿಲ್ಲಂತ, ಕರದರ ತಿರುಗಿ ನೋಡೂದಿಲ್ಲಂತ. ಕುಡಿಯಾಕ ಹತ್ತಿಯೇನು? ಖರೇ ಹೇಳು. ವೈನಿ ತೀರಿಕೊಂಡಾಗೂ ಬಾಟ್ಲಿ ಮುಟ್ಟದವ ನೀ. ಈಗ ನಲವತ್ತೆಂಟರಾಗ ನಿನಗ ಏನು ದಾಡಿ ಬಂತು?

ಇಲ್ಲಾ ಮೈಮ್ಯಾಲ ಏನರ ಬಂದಿರಬೇಕು. ಸತ್ತವರನ್ನ ಎಷ್ಟ ಮಂದಿನ್ನ ಎತ್ತೀ, ಒಂದರ ನೆಳ್ಳು ಹತ್ತದ ಇರತೈತೇನು? ಅಮಾಸಿಗೆ ಸಿರಸಂಗಿ ಕಾಳವ್ವನ ಗುಡಿಗೆ ಹೋಗಿ ದಾರ ಕಟ್ಟಿಸಿಕೊಂಡು ಬಾ. ಎದ್ದು ಕೆಲಸಕ್ಕ ಹೋಗು. ಗಂಡಸು ಮನಿಯಾಗ ಕುಂತರ ಮಂದಿ ನಗತಾರ.

ಸಿಟ್ಟಿಲೆ ಬರದೇನಿ. ಬರದದ್ದು ಬರದೇನಿ.

ಯಶೋಧಾ

*

ಮುನವಳ್ಳಿ
21-10-2024

ನನ್ನ ಮುದ್ದಿನ ತಂಗಿ ಯಶೋಧಾಗ,

ನಿನ್ನ ಸಿಟ್ಟಿನ ಕಾಗದ ಓದಿ ನಕ್ಕೆ. ನಾ ಕುಡಿದಿಲ್ಲವ್ವಾ. ಈಗ ಮನಸ್ಸು ಹಗುರಾಗೇತಿ. ಏನು ಮಾಡಬೇಕು ಅಂತ ತಿಳಿದಿರಲಿಲ್ಲ, ಈಗ ತಿಳಿದೈತಿ.

ತೆಪ್ಪ, ಬಲಿ ಎಲ್ಲಾ ರಾಯಪ್ಪಗ ಕೊಟ್ಟೇನಿ. ಅಂವ ಬ್ಯಾಡ ಅಂದ, ಒತ್ತಾಯ ಮಾಡಿ ಕೊಟ್ಟೆ. ಮನಿ ಕಾಗದಪತ್ರ ಶಿವಾನಿ ಹೆಸರಿಲೆ ಒಂದು ಗಂಟು ಕಟ್ಟೇನಿ. ಇದರ ಜೋಡಿ ಅವ್ವನ ಬೋರಮಾಳ ರಾಯಪ್ಪನ ಅಳಿಯಾನ ಕೈಯಾಗ ಕೊಟ್ಟು ಕಳಿಸೇನಿ. ಅದು ನಿನ್ನ ಕೊರಳಾಗ ಇರಬೇಕಾದ್ದು, ನಾ ಇಟಗೊಂಡು ಏನು ಮಾಡಲಿ?

ನೀ ಭಾಳ ಕಷ್ಟಪಟ್ಟೀ. ನನ್ನಿಂದ ನಿನಗ ಏನೂ ಆಗಲಿಲ್ಲ, ತಪ್ಪು ತಿಳಕೋಬ್ಯಾಡ. ಶಿವಾನಿನ್ನ ಚೆಂದಾಗಿ ಓದಸು. ಸುಖಾಗಿರ್ರಿ.

ನಿನ್ನ ಅಣ್ಣ

*

ಬೈಲಹೊಂಗಲ
24-10-2024

ಅಣ್ಣಾ,

ಈಗಷ್ಟ ಬೋರಮಾಳ ಮುಟ್ಟಿತು. ಕೊರಳಾಗ ಹಾಕ್ಕೊಂಡ ಬರಿಯಾಕ ಕುಂತೇನಿ! ಅವ್ವನ ವಾಸನಿ ಇನ್ನೂ ಐತಿ ಅನಸತೈತಿ. ನೀ ಹಗುರಾದಿ ಅಂತ ಓದಿ ನನಗ ಎಷ್ಟ ಸಮಾಧಾನ ಆತು ಗೊತ್ತೇನು? ತೆಪ್ಪ ಕೊಟ್ಟದ್ದೂ ಛಲೋ ಆತು, ಸಾಕು ಆ ನೀರಿನ ಕೆಲಸ. ಖರೇ ಹೇಳು, ಯಾರರ ಕಣ್ಣಿಗೆ ಬಿದ್ದಾರೇನು? ಮನಿ ಖಾಲಿ ಮಾಡಿ ಅತ್ತಿ ಮನಿಗೆ ಹೋಗಾವರಂಗ ಎಲ್ಲಾ ಹಂಚಾಕತ್ತೀ! ಇನ್ನೊಂದು ಲಗ್ನ ಮಾಡಿಕೊಂಡರ ನನಗ ಏನೂ ಬ್ಯಾಸರಿಲ್ಲ, ಮೊದಲ ನನಗ

ಬಾಯವ್ವ ಸಿಸ್ಟರ್ ಬಂದಾರ, ಬ್ಲೌಸ್ ಕೊಡಬೇಕು. ಆಮ್ಯಾಲ ಬರೀತೇನಿ.

*

ಬೈಲಹೊಂಗಲ
12-11-2024

ಅಣ್ಣಾ,

ಮ್ಯಾಲಿನ ಅರ್ಧ ಕಾಗದ ಹರದು ಒಗಿಬೇಕಂತ ಮಾಡಿದ್ದೆ. ಆಮ್ಯಾಲ ಇದರ ಜೋಡೀನ ಕಳಸೂಣು ಅನಿಸಿತು. ನಿನ್ನ ತಂಗಿ ಎಂಥಾ ಕುರುಡಿ ಅಂತ ನಿನಗೂ ತಿಳೀಲಿ.

ಹದಿನೆಂಟು ದಿನ ನಿನ್ನ ಜೋಡಿ ಇದ್ದು ನಿನ್ನೆ ಊರಿಗೆ ಬಂದೆ. ನಾ ಹೆಂಗ ಬಂದೆ, ಯಾಕ ಓಡಿ ಬಂದೆ, ನಿನಗ ಅರ್ಧ ಗೊತ್ತಿಲ್ಲ. ಎಲ್ಲಾರೂ ನಿನ್ನ ಸುತ್ತ ಮಾತಾಡಿದರು, ನಿನಗ ಕೇಳಲಿಲ್ಲ. ಅದಕ್ಕ ಬರೀತೇನಿ.

ಬಾಯವ್ವ ಸಿಸ್ಟರ್ ಇಲ್ಲಿ ಸರಕಾರಿ ದವಾಖಾನಿ ನರ್ಸು. ಅವರಿಗೆ ಬೋರಮಾಳ ತೋರಿಸಿದೆ, ನಿನ್ನ ಕಾಗದ ಓದಿ ಹೇಳಿದೆ. ನಗತಾರ ಅಂತ ತಿಳದಿದ್ದೆ. ಅವರು ಕಾಗದ ಕಸಗೊಂಡು ತಾವು ಓದಿದರು.

"ಯಶೋಧಾ, ನಿಮ್ಮಣ್ಣ ಈಗ ಯಾರ ಜೋಡಿ ಅದಾರ?"

"ಒಬ್ಬನ ಇರತಾನರಿ. ಯಾಕರಿ?"

"ತಿಂಗಳಗಟ್ಟಲೆ ಉಣ್ಣದಾವ ಒಮ್ಮಿಗೆ ಹಗುರಾಗೇನಿ ಅಂತಾನ. ಇದ್ದದ್ದೆಲ್ಲಾ ಹಂಚ್ಯಾನ. ತಪ್ಪು ತಿಳಕೋಬ್ಯಾಡ ಅಂತಾನ. ಇದು ಲಗ್ನದ ಸುದ್ದಿ ಅಲ್ಲವಾ. ಇದು ಹೋಗಿಬರತೇನಿ ಅಂತ ಹೇಳಿದ ಕಾಗದ."

ಅಣ್ಣಾ, ಕೊರಳಾಗಿನ ಬೋರಮಾಳ ಬಿಚ್ಚಿ ಮಷೀನಿನಮ್ಯಾಲ ಇಟ್ಟೆ. ನೀ ಸಾಯಾಕ ಹೊಂಟಿದ್ದಿ, ನಾ ಕನ್ನಡಿ ನೋಡಿಕೊಂತ ಕುಂತಿದ್ದೆ.

ಸಿಸ್ಟರ್ ಮೊದಲ ರಾಯಪ್ಪಗ ಫೋನ್ ಹಚ್ಚಿಸಿದರು. "ಈಗಿಂದೀಗ ಭರಮಪ್ಪನ ಮನಿಗೆ ಹೋಗಿ ಕುಂದ್ರು, ನಾ ಬರೂತನಾ ಒಂದ ನಿಮಿಷ ಬಿಡಬ್ಯಾಡ" ಅಂದೆ. ಆಮ್ಯಾಲ ಅವರ ಮನಸ್ಸಿನ ತ್ರಾಸಿಗೆ ಸರಕಾರ ಇಟ್ಟ ಒಂದು ನಂಬರ್ ಒತ್ತಿ ಕೊಟ್ಟರು. ಒಂದು, ನಾಕು, ನಾಕು, ಒಂದು, ಆರು. ಹಗಲ ಇರಲಿ ರಾತ್ರಿ ಇರಲಿ ಯಾರರ ಎತ್ತತಾರಂತ, ಪುಗಸಟ್ಟೆ, ಕನ್ನಡದಾಗ. ಒಬ್ಬ ಹೆಣ್ಣಮಗಳು ಎತ್ತಿದಳು. ನಾ ಅಳಕೋಂತ ಕೇಳಿದೆ, "ನಮ್ಮಣ್ಣಗ ಕಿವಿ ಕೇಳೂದಿಲ್ಲರಿ, ಅಂವ ನಿಮ್ಮ ಜೋಡಿ ಹೆಂಗ ಮಾತಾಡಬೇಕು?"

"ನೀವು ಮಾತಾಡಾಕತ್ತೀರಲ್ಲಕ್ಕಾ, ಈಗ ಅಷ್ಟ ಸಾಕು. ಮನಿಯವರೂ ಫೋನ್ ಮಾಡಬಹುದು. ಹೋದಕೂಡ್ಲೆ ಅವರನ್ನ ನೇರವಾಗಿ ಕೇಳ್ರಿ, ಸಾಯೂ ವಿಚಾರ ಐತೇನು ಅಂತ."

"ಅದನ್ನ ಕೇಳಿದರ ಅದ ಅವನ ತಲಿಯಾಗ ಕುಂತರ ಏನು ಮಾಡಲಿರಿ?"

"ಕೇಳಿದ್ದರಿಂದ ಯಾರಿಗೂ ಹಂಗ ಆಗೂದಿಲ್ಲ. ಇಂಥಾದ್ದನ್ನ ಹೊತಗೊಂಡವರಿಗೆ, ಒಬ್ಬರರ ಕೇಳಿದರಲ್ಲ ಅಂತ ಉಸಿರು ಬರತೈತಿ. ಬೈಬ್ಯಾಡ್ರಿ, ಬುದ್ಧಿ ಹೇಳಬ್ಯಾಡ್ರಿ. ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ. ನಾಳೆ ದವಾಖಾನಿಗೆ ಕರಕೊಂಡು ಹೋಗ್ರಿ."

ನಾ ಅಷ್ಟ ದಿನದಿಂದ ಮಾಡಿದ್ದು ಬೈಯೂದು, ಬುದ್ಧಿ ಹೇಳೂದು, ಎರಡ ನೋಡು.

ನಿಮ್ಮ ಮನಿಗೆ ಬಂದಾಗ ಕಸ ಹೊಡದು ಅಂಗಳ ಸಾರಿಸಿದ್ದಿ. ಕಾಗದಪತ್ರದ ಗಂಟು ಗ್ವಾಡಿ ಮಾಡದಾಗ ಇತ್ತು. ನಾ ಸೀಮಿಸುಣ್ಣದ ತುಂಡು ತಗೊಂಡು ನೆಲದಮ್ಯಾಲ ಬರದೆ: "ಸಾಯಬೇಕಂತ ಮಾಡಿಯೇನು?" ನೀ ಓದಿದಿ. ಅಂಗೈಲೆ ಅದನ್ನ ಒರಿಸಿದಿ. ಆಮ್ಯಾಲ ಹೌದಂತ ಗೋಣು ಹಾಕಿದಿ. ರಾಯಪ್ಪ ಬಾಗಲದಾಗ ನಿಂತು "ಯವ್ವಾ" ಅಂತ ಒದರಿದ್ದು ನಿನಗ ಕೇಳಲಿಲ್ಲ. ನನಗ ಇನ್ನೂ ಕೇಳತೈತಿ.

ಕಾಳವ್ವನ ದಾರದ ಮಾತಿಗೆ ಸಿಸ್ಟರ್ ಏನಂದರು ಗೊತ್ತೇನು? "ಕೈ ಮುಗೀರಿ, ಮುಗದು ಧಾರವಾಡದ ಬಸ್ ಹತ್ತರಿ." ಹಂಗ ಮಾಡಿದೆ, ಅಲ್ಲಿ ಮನಸ್ಸಿನ ದವಾಖಾನಿಗೆ ನಿನ್ನ ಕರಕೊಂಡು ಹೋದೆ. ಗುಳಗಿ ತಪ್ಪಸಬ್ಯಾಡ. ಡಾಕ್ಟರ್ ಹೇಳಿದಂಗ ಆಪ್ತ ಸಮಾಲೋಚನೆಗೆ ಹೋಗೂದು ಬಿಡಬ್ಯಾಡ. ಶಿವಾನಿ ಅದಕ್ಕ ಕೌನ್ಸೆಲಿಂಗ್ ಅಂತಾಳ.

ನಿನ್ನ ಎದಿಯಾಗ ಏನೈತೋ ಇನ್ನೂ ಹೇಳಿಲ್ಲ. ನಾ ಕೇಳೂದಿಲ್ಲ. ನಿನಗ ಯಾವಾಗ ಅನಸತೈತಿ ಅವಾಗ.

ಯಶೋಧಾ

*

ಮುನವಳ್ಳಿ
1-12-2024

ಯಶೋಧಾ,

ಕೌನ್ಸೆಲಿಂಗ್ ಅಂತ ಬರದು ತೋರಿಸಿದಾಗ ನಾ ಶಿವಾನಿ ಸೀಟಿನ ಸುದ್ದಿ ಅಂತ ತಿಳದಿದ್ದೆ. ಈ ವಯಸ್ಸಿನಾಗ ನನಗ್ಯಾವ ಸೀಟ್ ಕೊಡತಾರ ಅಂತ. ಧಾರವಾಡದ ಬೋರ್ಡಿನ ಬಸ್ ನೋಡಿದ ಮ್ಯಾಲ ಮಾತ್ರ ಎದಿ ಧಸಕ್ ಅಂತು. ಧಾರವಾಡಕ್ಕ ಹಾಕತೇನಿ ಅಂತ ಹುಚ್ಚರಿಗೆ ಅಂತಾರಲ್ಲ, ನನ್ನ ತಂಗೀನ ನನ್ನ ಹಾಕಾಕ ಹೊಂಟಾಳ ಅಂತ ತಿಳದೆ. ದಾರಿತುಂಬ ಕಿಡಕಿ ಕಡೆ ಮಾರಿ ಮಾಡಿ ಕುಂತದ್ದು ಅದಕ್ಕ. ಅವರು ನನ್ನ ಇಟಗೊಳ್ಳಲಿಲ್ಲ, ಗುಳಗಿ ಕೊಟ್ಟು ಹೊಳ್ಳಿ ಕಳಿಸಿದರಲ್ಲ, ಅವಾಗ ನಂಬಿಕಿ ಬಂತು.

ಸಮಾಲೋಚನೆ ಮಾಡೂ ಹೆಣ್ಣಮಗಳು, ಬಾಯಾರು ಅಂತೇನಿ ನಾ, ಶಿವಾನಿಕಿಂತ ಸೊಲ್ಪ ದೊಡ್ಡಾಕಿ. ನನಗ ಕೇಳೂದಿಲ್ಲ ಅಂದಕೂಡ್ಲೆ ಒಂದು ವಹಿ ತಂದು ನಡುವ ಇಟ್ಟರು. ಮೊದಲ ಸಾಲು ಹಿಂಗ ಬರದರು: "ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ನಿಮ್ಮ ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ, ಅದನ್ನೂ ನಿಮಗೆ ಹೇಳಿಯೇ." ಮೂರು ಸಲ ಹೋದೆ, ಮೂರೂ ಸಲ ಹಾಳಿ ಖಾಲಿ. ಬಾಯಾರು ಒತ್ತಾಯ ಮಾಡಲಿಲ್ಲ. ಮುಂದಿನ ಸಲದ ತಾರೀಖು ಬರದು ಕೊಟ್ಟರು. ನಾಕನೇ ಸಲ ಬರದೆ. ಬರದದ್ದನ್ನ ನಿನಗೂ ತಿಳಿಸೂ ಮನಸ್ಸಾಗೇತಿ. ಕುಂತು ಓದು.

ಆ ಹುಡುಗಿ ಹೆಸರು ಸಪ್ನಾ. ರಾಮದುರ್ಗದಾಕಿ, ನೇಕಾರರ ಮಗಳು. ನಾ ಆಕಿನ್ನ ಬುಧವಾರ ನೀರಾಗಿಂದ ತಗದೆ ಅಂತ ಪೇಪರಿನವರು ಬರದರು. ಅದಕ್ಕ ಎರಡು ದಿನ ಮೊದಲ, ಶ್ರಾವಣ ಸೋಮವಾರ ಮಧ್ಯಾಹ್ನ, ನಾ ಆಕಿನ್ನ ಜೀವಂತ ನೋಡಿದ್ದೆ.

ನಾ ಹಿನ್ನೀರಿನ ದಂಡಿ ಪಾವಟಿಗಿಮ್ಯಾಲ ಕುಂತು ಬಲಿ ಹೆಣಿಯಾಕತ್ತಿದ್ದೆ. ಕಾಲೇಜಿನ ಬ್ಯಾಗ್ ಹಾಕ್ಕೊಂಡು ಭಾಳೊತ್ತು ದೂರ ಕುಂತಿದ್ದಳು. ಆಮ್ಯಾಲ ಎದ್ದು ನನ್ನ ಮುಂದ ಬಂದು ನಿಂತಳು. ಏನೋ ಕೇಳಿದಳು. ಸಣ್ಣ ಮಾತಲ್ಲ, ತುಟಿ ಭಾಳೊತ್ತು ಆಡಿದವು. ನಡುವ ಒಮ್ಮಿ ನಿಂತು ಮತ್ತ ಹೇಳಿದಳು. ನನ್ನ ಮಾರಿ ನೋಡಿಕೊಂತ ಹೇಳಿದಳು.

ನನಗ ಒಂದಕ್ಷರ ಕೇಳಲಿಲ್ಲ, ಯಶೋಧಾ. ಕಿವುಡ ಅಂತ ಹೇಳಾಕ ನಾಚಿಕಿ ನನಗ. ಯಾರರ ಏನರ ಅಂದರ ನಕ್ಕು ಗೋಣು ಹಾಕೂದು ನನ್ನ ರೂಢಿ. ಹಂಗ ನಕ್ಕೆ. "ಹೂಂ, ಆತಾತು" ಅಂದೆ. ಆಕಿ ಸೊಲ್ಪ ನಕ್ಕಳು. ಹೋದಳು. ನಾ ಮತ್ತ ಬಲಿ ಹೆಣದೆ.

ಬುಧವಾರ ನೀರಿನ ತಳದಾಗ ಆ ಬ್ಯಾಗಿನ ಪಟ್ಟಿ ಕೈಗೆ ಹತ್ತಿದಾಗ ತಿಳೀತು. ಮ್ಯಾಲ ತಂದೆ. ಮಂದಿ ಚಪ್ಪಾಳಿ ಹೊಡದದ್ದು ಕಣ್ಣಿಗೆ ಕಂಡಿತು.

ಕಾಲು ಜಾರಿತೋ, ತಾನ ಹೋದಳೋ, ಯಾರಿಗೂ ಗೊತ್ತಿಲ್ಲ. ಆಕಿ ನನಗ ಏನು ಕೇಳಿದ್ದಳು? ನಾ ಯಾವುದಕ್ಕ ಹೂಂ ಅಂದೆ? "ಕಾಕಾ, ನಾ ಹೋಗಲ್ಯಾ" ಅಂದಿದ್ದರ? ಇದನ್ನ ಮೂರು ತಿಂಗಳು ಯಾರ ಮುಂದೂ ಬಿಚ್ಚಲಿಲ್ಲ. ಎಲ್ಲಾರೂ ನನಗ ಶಾಲು ಹೊಚ್ಚಾಕತ್ತಿದ್ದರು.

ಭರಮಪ್ಪ

*

ಬೈಲಹೊಂಗಲ
5-12-2024

ಅಣ್ಣಾ,

ಓದಿದೆ. ಮಷೀನ್ ಬಂದ್ ಮಾಡಿ ಕುಂತೆ. ಶಿವಾನಿ ಕಾಲೇಜಿನಿಂದ ಬಂದು ಒಲಿ ಹಚ್ಚೂತನಾ ಅಲ್ಲೇ ಕುಂತಿದ್ದೆ.  ಆ ನಂಬರಿಗೆ ಇನ್ನೊಮ್ಮಿ ಫೋನ್ ಮಾಡಿದೆ, ಈ ಸಲ ನನ್ನ ಸಲುವಾಗಿ. ನಿನ್ನ ಗುಟ್ಟು ಹೇಳಲಿಲ್ಲ. "ನನ್ನವರೊಬ್ಬರು ಭಾಳ ದೊಡ್ಡ ಮಾತು ಹೇಳ್ಯಾರ, ನಾ ಏನನ್ನಲಿ" ಅಂತಷ್ಟ ಕೇಳಿದೆ. ಸಮಾಧಾನ ಮಾಡಾಕ ಸುಳ್ಳು ಹೇಳಬ್ಯಾಡ್ರಿ, ನಿಮ್ಮ ಮನಸ್ಸಿನ್ಯಾಗ ಇದ್ದ ಖರೇ ಮಾತು ಹೇಳ್ರಿ ಅಂದರು.

ಖರೇ ಮಾತು ಹೇಳತೇನಿ. ನಿನ್ನ ಕಾಗದ ಓದಿದಾಗ ಆ ಹುಡುಗಿಗಿಂತ ಮೊದಲ ನನಗ ನನ್ನ ನೆನಪಾತು.

ಹನ್ನೊಂದು ವರ್ಷದ ಹಿಂದ ಶಿವಾನಿ ಅಪ್ಪ ನಮ್ಮನ್ನ ಬಿಟ್ಟು ಹೋದಾಗ ನಾ ಕೂಸಿನ ಕೈ ಹಿಡಕೊಂಡು ನಿನ್ನ ಹತ್ರ ಬಂದಿದ್ದೆ. ಇದ ಪಾವಟಿಗಿಮ್ಯಾಲ ಕುಂತು ಎಲ್ಲಾ ಹೇಳಿದೆ. ಹೊರಗಿನವರಿಗೆ ಯಾರಿಗೂ ಹೇಳದ್ದು ಹೇಳಿದೆ. ಬದುಕೂದು ಸಾಕಾಗೇತಿ ಅಂತನೂ ಹೇಳಿದೆ. ನೀ ನನ್ನ ಮಾರಿ ನೋಡಿಕೊಂತ ಕುಂತಿದ್ದಿ. ಕಡೀಕೆ ನಕ್ಕು "ಹೂಂ, ಆತಾತು" ಅಂದು ತಲಿಮ್ಯಾಲ ಕೈ ಇಟ್ಟಿ.

ನಮ್ಮಣ್ಣ ಎಲ್ಲಾ ಕೇಳಿದ, ಕೇಳಿ ಆತು ಅಂದ, ಆದೀತು ಅಂತ ನಾ ಎದ್ದು ಬಂದೆ. ಮಷೀನ್ ತಗೊಂಡೆ. ಅವಾಗಲೇ ನಿನ್ನ ಕಿವಿ ಹೋಗಿ ವರ್ಷಾಗಿತ್ತು. ನನಗ ಗೊತ್ತಿತ್ತು. ಆದರೂ ನೀ ಕೇಳಿದಿ ಅಂತನ ತಿಳಕೊಂಡಿದ್ದೆ. ನೀ ಒಂದಕ್ಷರ ಕೇಳಿಲ್ಲ ಅಂತ ನನಗ ಮೊನ್ನೆ ತಿಳೀತು, ಅಣ್ಣಾ. ಹನ್ನೊಂದು ವರ್ಷದ ಮ್ಯಾಲ.

ಮೊದಲ ಸಿಟ್ಟು ಬಂತು. ಭಾಳ ಬಂತು. ಆಮ್ಯಾಲ ಕುಂತು ವಿಚಾರ ಮಾಡಿದೆ. ನಾ ಇನ್ನೂ ಅದೇನಿ. ನಿನ್ನ ಅದ ಹೂಂ ಹಿಡಕೊಂಡು ಅದೇನಿ.

ಸಪ್ನಾಗೂ ಹಂಗ ಆತು ಅಂತ ನಾ ಹೇಳೂದಿಲ್ಲ. ಆಕಿ ಏನು ಕೇಳಿದಳೋ ದೇವರಿಗೂ ಗೊತ್ತೋ ಇಲ್ಲೋ. ಆದರ ನಿನ್ನ ಹೂಂ ಒಂದು ಜೀವಾ ಕೊಂದೈತಿ ಅಂತ ನೀ ಹೇಳಿದರ, ಅದು ನನ್ನ ಉಳಿಸೇತಿ ಅಂತ ನಾ ಹೇಳತೇನಿ. ಎರಡನ್ನೂ ಆ ವಹಿಯಾಗ ಬರದು ಬಾಯಾರಿಗೆ ತೋರಸು.

ಇನ್ನಮ್ಯಾಲ ನನಗ ಮಾತ್ರ ಸುಳ್ಳ ಸುಳ್ಳ ಹೂಂ ಅನಬ್ಯಾಡ.

ಯಶೋಧಾ

*

ಮುನವಳ್ಳಿ
23-1-2025

ತಂಗೀ,

ಒಂದೂವರಿ ತಿಂಗಳು ಕಾಗದ ಬರೀಲಿಲ್ಲ, ನೀ ಹೆದರಿರತೀ ಅಂತ ರಾಯಪ್ಪನ ಕಡಿಂದ ಫೋನ್ ಮಾಡಿಸಿಕೊಂತ ಇದ್ದೆ. ಈಗ ಸವದತ್ತಿ ದವಾಖಾನಿಗೇ ಹೋಗತೇನಿ. ಅಲ್ಲಿಗೆ ಶುಕ್ರವಾರದ ದಿನ ಮನಸ್ಸಿನ ಡಾಕ್ಟರ್ ಬರತಾರ. ಅದಕ್ಕೂ ಮೊದಲ ಧಾರವಾಡದಾಗ ನಿನ್ನ ಕಾಗದ ಬಾಯಾರಿಗೆ ತೋರಿಸಿದ್ದೆ. ಅವರು ಕನ್ನಡಕ ತಗದು ಒರಿಸಿಕೊಂಡರು. ಆಮ್ಯಾಲ ಭಾಳ ಹಾಳಿ ತುಂಬಿಸೇವಿ. ತಪ್ಪೆಲ್ಲಾ ನನ್ನದ ಅನ್ನೂದು ಇನ್ನೂ ಒಮ್ಮೊಮ್ಮಿ ಬರತೈತಿ. ಬಂದಾಗ ಎದ್ದು ರಾಯಪ್ಪನ ಮನಿಗೆ ಹೋಗತೇನಿ, ಅಥವಾ ಬರೀತೇನಿ. ರಾಯಪ್ಪ ತೆಪ್ಪ ಹೊಳ್ಳಿ ಕೊಟ್ಟಾನ, ಇಬ್ಬರೂ ಬಲಿ ಹಾಕತೇವಿ. ಮೊನ್ನೆ ಪೊಲೀಸರು ಇನ್ನೊಬ್ಬರನ್ನ ತಗಿಯಾಕ ಕರದರು. "ನನ್ನ ಕಡಿಂದ ಆಗೂದಿಲ್ಲರಿ" ಅಂದೆ. ಜೀವನದಾಗ ಮೊದಲನೇ ಸಲ.

ಕಾಗದ ಬರಿಯಾಕತ್ತಿದ್ದು ಬ್ಯಾರೆ ಸುದ್ದಿಗೆ. ಸಂಕ್ರಮಣದ ಮರುದಿನ ಸಪ್ನಾನ ಅವ್ವ ಅಪ್ಪ ನನ್ನ ಹುಡುಕಿಕೊಂಡು ನೀರಿನ ದಂಡಿಗೆ ಬಂದಿದ್ದರು.

ಕರೆವ್ವ, ಲಕ್ಕಪ್ಪ ಅಂತ. ಕರೆವ್ವ ಮಾತಾಡಿದರು, ನಾ ವಹಿ ಮುಂದ ಚಾಚಿದೆ. ಅವರಿಗೆ ಬರಿಯಾಕ ಬರೂದಿಲ್ಲ. ರಾಯಪ್ಪ ಸಂತಿಗೆ ಹೋಗಿದ್ದ. ನನಗ ಕೇಳೂದಿಲ್ಲ, ಅವರಿಗೆ ಬರಿಯಾಕ ಬರೂದಿಲ್ಲ, ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂತ ನಿಂತಿವಿ. ಲಕ್ಕಪ್ಪ ಅಲ್ಲೇ ಬದಿಗೆ ನಿಂತಿದ್ದರು, ತುಟಿ ಬಿಚ್ಚಿರಲಿಲ್ಲ. ಒಮ್ಮಿಗೆ ಕೈ ಚಾಚಿ ಪೆನ್ ತಗೊಂಡರು. ಕರೆವ್ವ ಎರಡೂ ಕೈಲೆ ಬಾಯಿ ಮುಚ್ಚಿಕೊಂಡರು. ಯಾಕಂತ ನನಗ ಆಮ್ಯಾಲ ಗೊತ್ತಾತು. ಮಗಳು ಹೋದಾಗಿಂದ ಆ ಮನುಷ್ಯಾ ಮಾತಾಡಿಲ್ಲ, ಮಗ್ಗಕ್ಕ ಕುಂತಿಲ್ಲ, ಕೈಲೆ ಏನೂ ಹಿಡಿದಿರಲಿಲ್ಲಂತ.

ಲಕ್ಕಪ್ಪ ಬರದರು: "ಮಗಳನ್ನ ಕೊನೆಗೆ ಮುಟ್ಟಿದವರು ನೀವು. ನಿಮ್ಮನ್ನ ನೋಡಬೇಕಿತ್ತು."

ಯಶೋಧಾ, ಸುಮ್ಮನಿರಬಹುದಿತ್ತು. ಸುಮ್ಮನಿರೂದು ನನ್ನ ಕೈಲೆ ಆಗಲಿಲ್ಲ. ಸೋಮವಾರದ ಸುದ್ದಿ ಬಾಯಿಬಿಟ್ಟು ಹೇಳಿದೆ. ಬಂದು ನಿಂತಳು, ಏನೋ ಕೇಳಿದಳು, ನನಗ ಕೇಳಲಿಲ್ಲ, ಕೇಳಲಿಲ್ಲ ಅಂತ ಹೇಳದ ಹೂಂ ಅಂದೆ ಅಂತ. ಕರೆವ್ವ ಪಾವಟಿಗಿಮ್ಯಾಲ ಧಪ್ಪಂತ ಕುಂತರು. ಹೊಡದಾರು ಅಂತ ತಿಳದೆ, ಹೊಡೀಲಿ ಅಂತನೂ ಅನಿಸಿತು.  ಲಕ್ಕಪ್ಪ ವಹಿ ಎಳಕೊಂಡು ಬರದರು: "ಹೆದರಿದ್ದಳೇನು?"

"ಇಲ್ಲರಿ. ಸೊಲ್ಪ ನಕ್ಕಳು" ಅಂದೆ. ಅದು ಖರೇ ಇತ್ತು.

ಅವರು ಆ ಹಾಳಿ ಹರಕೊಂಡು ಅಂಗಿ ಕಿಸೆದಾಗ ಇಟಗೊಂಡರು. ನನ್ನ ಕ್ಷಮಾ ಮಾಡಿದರೋ ಇಲ್ಲೋ ಗೊತ್ತಿಲ್ಲ. ನಾ ಕೇಳಲಿಲ್ಲ. ಹೋಗೂಮುಂದ ವಹಿಯಾಗಿನ ಗುಳಗಿ ಚೀಟಿ ತೋರಿಸಿ, ನಾನೂ ಮನಸ್ಸಿನ ಡಾಕ್ಟರ್ ಕಡೆ ಹೋಗತೇನಿ ಅಂದೆ. ಕರೆವ್ವ ಅದನ್ನ ನೋಡಿ, ಗಂಡನ ಕಡೆ ಬಟ್ಟು ಮಾಡಿ, ನನ್ನ ಕಡೆ ನೋಡಿದರು. ತಿಳೀತು. ರಾಯಪ್ಪ ಬಂದ ಮ್ಯಾಲ ಅವನ ಕಡಿಂದ ಆ ನಂಬರಿಗೆ ಫೋನ್ ಮಾಡಿಸಿದೆ. ರಾಮದುರ್ಗದ ದವಾಖಾನಿಯಾಗ ಯಾವ ದಿನ ಡಾಕ್ಟರ್ ಇರತಾರ ಅಂತ ಕೇಳಿಕೊಂಡು ಅವರಿಗೂ ಸುದ್ದಿ ಮುಟ್ಟಿಸಿದೆ.

ಮೊನ್ನೆ ಮಂಗಳವಾರ ನಾನೂ ಬಸ್ ಹತ್ತಿ ರಾಮದುರ್ಗಕ್ಕ ಹೋದೆ. ಮೂವರೂ ಬಾಕಿನಮ್ಯಾಲ ಕುಂತಿವಿ. ಅಲ್ಲಿನ ಸಿಸ್ಟರ್ ಲಕ್ಕಪ್ಪನ ಹೆಸರು ಕೂಗಿದ್ದು ಅವರ ತುಟಿ ನೋಡಿ ತಿಳಕೊಂಡೆ. ಲಕ್ಕಪ್ಪ ಏಳಲಿಲ್ಲ. ರಟ್ಟಿ ಹಿಡದು ಎಬ್ಬಿಸಿ ಬಾಗಲತನಾ ಹೋದೆ. ಒಳಗ ಅವರೊಬ್ಬರ ಹೋದರು. ಒಂದು ತಾಸು ಬಾಗಲಾ ನೋಡಿಕೊಂತ ಕುಂತಿವಿ. ಕರೆವ್ವ ಸೆರಗಿನ ಚುಂಗು ತಿರುವಿ ತಿರುವಿ ಹಗ್ಗ ಮಾಡಿದ್ದರು.

ಲಕ್ಕಪ್ಪ ಹೊರಗ ಬಂದರು. ಹೇಂತಿ ಮುಂದ ನಿಂತರು. ತುಟಿ ಆಡಿದವು. ಕರೆವ್ವ ಬೆಚ್ಚಿ ಎದ್ದು ನಿಂತು ಅಳಾಕ ಹತ್ತಿದರು. ಆಮ್ಯಾಲ ಅವರು ನನ್ನ ಕಡೆ ತಿರುಗಿ ನನಗೂ ಅದನ್ನ ಅಂದರು.

ನನ್ನ ತಲಿ ತಾನ ಆಡಾಕ ಹೊಂಟಿತ್ತು. ನಿಂದರಿಸಿಕೊಂಡೆ.

"ಲಕ್ಕಪ್ಪಣ್ಣಾ, ನನಗ ಕೇಳಲಿಲ್ಲರಿ. ಬರದು ತೋರಸ್ರಿ" ಅಂದೆ.

ಅವರು ಅಂಗೈಮ್ಯಾಲ ಬರದು ತೋರಿಸಿದರು. "ಹಸಿವಿ ಆಗೇತಿ."

ಬಸ್ ಸ್ಟ್ಯಾಂಡಿನ ಹೋಟೆಲಿನ್ಯಾಗ ಮೂವರೂ ಉಂಡಿವಿ. ಲಕ್ಕಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು.

ಭರಮಪ್ಪ